ವಾಲಿದ ಘಟ

ನವರಾತ್ರಿಯ ಮೂರನೇ ದಿನ, ದೇವರ ಕೋಣೆಯಲ್ಲಿ ಘಟ ಇಟ್ಟಿದ್ದ ಚೌರಂಗದ, ಎಂದರೆ ಮರದ ಪೀಠದ, ಗಿಡ್ಡ ಕಾಲೊಂದು ಮುರಿಯಿತು. ಮಣ್ಣು ತುಂಬಿದ ಬುಟ್ಟಿ, ನಡುವಿನ ನೀರಿನ ಗಡಿಗೆ, ಸುತ್ತ ಬಿತ್ತಿದ್ದ ಗೋದಿ, ಜೋಳ, ಎಲ್ಲವೂ ಗೋಡೆಗೆ ವಾಲಿದವು. ನೆಟ್ಟಗೆ ಮಾಡಲು ಕೈ ಚಾಚಿದೆ.

“ಮುಟ್ಟಬ್ಯಾಡ ಯವ್ವಾ! ಕುಂತ ಘಟ ದಸರಾತನಕಾ ಅಲುಗಾಡಿಸಬಾರದು,” ಅತ್ತೆ ಚೀರಿದರು.

ಸೋಲಾಪುರದ ಈ ಬಟ್ಟೆ ವ್ಯಾಪಾರದ ಮನೆಯಲ್ಲಿ ಅಂಗಡಿಯ ಗಲ್ಲಾಪೆಟ್ಟಿಗೆಗಿಂತ ಘಟಕ್ಕೆ ಹೆಚ್ಚು ಮರ್ಯಾದೆ. ವಾಲಿದ್ದು ವಾಲಿದಂತೆಯೇ ಉಳಿಯಿತು. ಬೇರೆ ವರ್ಷವಾಗಿದ್ದರೆ ನಕ್ಕುಬಿಡುತ್ತಿದ್ದೆ. ಆಗ ನನಗೆ ಎಂಟು ತಿಂಗಳು ತುಂಬಿತ್ತು. ಕೂಸಿನ ತಲೆ ಮೇಲಿದೆ, ಹೊರಳದಿದ್ದರೆ ಆಪರೇಷನ್ನೇ ಎಂದು ಡಾಕ್ಟರು ಹೇಳಿದ್ದರು.

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಬೇರಿನ ತುದಿಯ ಕೋಶಗಳಲ್ಲಿ ಪಿಷ್ಟದ ಸಣ್ಣ ಕಣಗಳಿರುತ್ತವೆ. ಗಿಡ ವಾಲಿದರೆ ಅವು ಕೆಳಬದಿಗೆ ಜಾರುತ್ತವೆ. ಆ ಬದಿಯ ಬೆಳವಣಿಗೆ ತಗ್ಗಿ, ಮೇಲ್ಬದಿ ಉದ್ದವಾಗಿ, ಬೇರು ಮತ್ತೆ ನೆಲದ ಕಡೆ ಬಾಗುತ್ತದೆ. ಇದನ್ನು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುವವಳು, ಈಗ ಮುಂಜಾನೆ ಎದ್ದೊಡನೆ ಬುಟ್ಟಿಯ ಸಂದಿಗೆ ಮೊಬೈಲಿನ ಬೆಳಕು ಹಿಡಿದು ಕೂರುತ್ತಿದ್ದೆ. ಬೇರು ಹೊರಳಿದರೆ ಕೂಸೂ ಹೊರಳುತ್ತದೆ ಎಂದು ಮನಸ್ಸು ಹಟ ಹಿಡಿದಿತ್ತು. ಎಂಥ ಪೆದ್ದುತನ! ವಿದ್ಯಾರ್ಥಿ ಯಾರಾದರೂ ಹೀಗೆ ಬರೆದಿದ್ದರೆ ಸೊನ್ನೆ ಸುತ್ತುತ್ತಿದ್ದೆ. ಆದರೂ ಹೆದರಿಕೆ ಹೊಟ್ಟೆಯೊಳಗೇ ಇತ್ತು, ಕೂಸಿನ ಪಕ್ಕದಲ್ಲೇ.

ಅಕ್ಕಲಕೋಟದಿಂದ ಅವ್ವ ದಿನಾ ಫೋನ್ ಮಾಡುತ್ತಿದ್ದಳು. “ಕೂಸು ಹೊಳ್ಳೇತೇನ?” ಎಂಬ ಅದೇ ಪ್ರಶ್ನೆ. ನಾನು ಅವಳ ಮೇಲೇ ಸಿಡುಕುತ್ತಿದ್ದೆ.

ದಸರೆಗೆ ಘಟ ಎತ್ತಿ, ಅತ್ತೆ ಮಣ್ಣಿನ ಹೆಂಟೆ ಬಿಡಿಸಿದರು. ಬೇರುಗಳೆಲ್ಲ ಮೊಣಕೈಯಂತೆ ಬಾಗಿ ಕೆಳಗಿಳಿದಿದ್ದವು.

“ನೋಡು, ಎಲ್ಲಾ ಹೊಳ್ಳ್ಯಾವ!”

ಕತ್ತಲಲ್ಲಿ ಬೆಳೆದ ಹಳದಿ ಸಸಿಗಳನ್ನು ಪದ್ಧತಿಯಂತೆ ನನ್ನ ಜಡೆಗೆ ಸಿಕ್ಕಿಸಿ, ಅತ್ತೆ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡಿದರು. ಅವರೂ ನನ್ನ ಹಾಗೆಯೇ ಕಾಯುತ್ತಿದ್ದರೆಂದು ಆಗ ಗೊತ್ತಾಯಿತು.

ಮರುದಿನ ಡಾಕ್ಟರು ಸೋನೋಗ್ರಫಿಯ ಪರದೆ ತೋರಿಸಿದರು. ತಲೆ ಮೇಲೆಯೇ ಇತ್ತು. ಹೊರಗಿನ ಬೆಂಚಿನ ಮೇಲೆ ಕುಸಿದು ಅತ್ತುಬಿಟ್ಟೆ.

“ಹೊಳ್ಳಲಿಲ್ಲರಿ ಅತ್ತಿ.”

ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿದರು. “ವಾಲಿದ ಘಟ ನಾವು ನೆಟ್ಟಗ ಮಾಡಿದಿವೇನು? ಹೆಂಗ ಕುಂತಿತ್ತೋ ಹಂಗ ಎತ್ತಿಕೊಂಡಿವಿ. ಇದನ್ನೂ ಹಂಗ ಎತ್ತಿಕೊಳ್ಳೂಣು, ನಡಿ.”