ಡಾ. ಚಿತ್ರಾಕ್ಷಿ ತಮ್ಮ ಕಣ್ಣನ್ನೇ ನಂಬದ ದಿನ

ಬೆಳಕು ಹರಿಯುವ ಹೊತ್ತು. ಬರ್ಮಿಂಗ್‌ಹ್ಯಾಮಿನ ಶವಾಗಾರವೊಂದರ ಹಿಂಬಾಗಿಲಲ್ಲಿ ಡಾ. ಚಿತ್ರಾಕ್ಷಿ ರಬ್ಬರ್ ಬೂಟು ಏರಿಸುತ್ತಿದ್ದಾರೆ. ನನ್ನನ್ನು ಒಳಗೆ ಬಿಡುವುದಿಲ್ಲ. ಬಿಟ್ಟರೂ ನಾನು ಹೋಗುವ ಪೈಕಿಯಲ್ಲ. ಒಳಗೆ ಅವರು ಮೊದಲು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಶವದ ಸುತ್ತ ನಡೆಯುತ್ತಾರಂತೆ. “ಮೊದಲು ನೋಡೋದು, ಮುಟ್ಟೋದು ಆಮೇಲೆ. ಟಿವಿ ಡಾಕ್ಟರು ಬಂದ ಕೂಡಲೇ ಸತ್ತ ಗಂಟೆ ಹೇಳ್ತಾರಲ್ಲ, ಅಷ್ಟು ಜಾಣತನ ನಮಗಿಲ್ಲ ಮಾರಾಯ್ರೆ,” ಎಂದು ನಗುತ್ತಾರೆ.

ಉಡುಪಿ ಮೂಲದ ಈ ವಿಧಿವಿಜ್ಞಾನ ವೈದ್ಯೆ ಪೊಲೀಸ್ ನೌಕರರಲ್ಲ. ಅನುಮಾನದ ಸಾವಾದರೆ ಕಾರೊನರ್, ಅಂದರೆ ಸಾವಿನ ವಿಚಾರಣೆ ನಡೆಸುವ ಅಧಿಕಾರಿ, ಒಪ್ಪಿಗೆ ಕೊಡುತ್ತಾರೆ. ಸರದಿ ಪಟ್ಟಿಯಲ್ಲಿ ಆ ದಿನ ಯಾರ ಹೆಸರಿದೆಯೋ ಅವರು ಹೊರಡುತ್ತಾರೆ. ಬೆರಳೆಣಿಕೆಯ ವೈದ್ಯರೇ ಇಡೀ ಪ್ರಾಂತ್ಯಕ್ಕೆ ಆಸರೆ. ಒಬ್ಬರ ತೀರ್ಮಾನವನ್ನು ಇನ್ನೊಬ್ಬರು ಪರಿಶೀಲಿಸದೆ ವರದಿ ಹೊರಗೆ ಹೋಗುವುದಿಲ್ಲ.

ಹೋದ ವರ್ಷ ನಾಗಮಣಿ ಎಂಬ ಗೃಹಿಣಿ ಮನೆಯ ಮೆಟ್ಟಿಲ ಬುಡದಲ್ಲಿ ಸತ್ತುಬಿದ್ದಿದ್ದರು. ಹೊಟ್ಟೆಯ ಮೇಲೆ ದುಂಡನೆಯ ಸುಟ್ಟ ಕಲೆಗಳು. ಸಿಗರೇಟಿನಿಂದ ಸುಟ್ಟು, ಕೊನೆಗೆ ತಳ್ಳಿದ್ದಾನೆ ಎಂಬ ಪೊಲೀಸರ ಅನುಮಾನ ಗಂಡ ರಾಮಮೂರ್ತಿಯವರ ಮೇಲೆ ಬಿತ್ತು. ಸಾವು ಹೃದಯಾಘಾತದ್ದೆಂದು ಚಿತ್ರಾಕ್ಷಿಯವರಿಗೆ ಕಂಡಿತು. ಆ ಕಲೆಗಳೂ ಪರಿಚಿತವೇ: ಎಳೆಗೂಸಿಗೆ ಕಾಯಿಲೆಯಾದರೆ ನಮ್ಮ ಕಡೆ ಹಿಂದೆ ಹಾಕುತ್ತಿದ್ದ ಬರೆ.

“ನನ್ನ ಹೊಟ್ಟೆ ಮೇಲೂ ಉಂಟು. ಅದಕ್ಕೇ ನನ್ನ ಮೇಲೆ ನನಗೇ ಅನುಮಾನ ಬಂತು. ನಮ್ಮವರು ಅಂತ ಮೆತ್ತಗಾದೆನಾ ಅಂತ.”

ಕಲೆಗಳ ಕುರಿತ ತಮ್ಮ ಊಹೆಯ ಬಗ್ಗೆ ತುಟಿಪಿಟಕ್ಕೆನ್ನದೆ ಚರ್ಮ ಮತ್ತು ಹೃದಯದ ಮಾದರಿ, ಫೋಟೋಗಳನ್ನು ಮ್ಯಾಂಚೆಸ್ಟರಿನ ಸಹೋದ್ಯೋಗಿಗೆ ಕಳಿಸಿದರು. ಅನುಮಾನ ತೀರುವವರೆಗೆ ಮನೆಯವರಿಗೆ ಶವ ಸಿಗುವಂತಿರಲಿಲ್ಲ. ಉತ್ತರ ಬಂತು: ಕಲೆಗಳು ಸಿಗರೇಟಿಗಿಂತ ಅಗಲ, ಮೈ ಬೆಳೆದಂತೆ ಹಿಗ್ಗಿದ ಬಾಲ್ಯದ ಗಾಯಗಳು. ಹೃದಯಾಘಾತದ ತೀರ್ಮಾನವೂ ಸರಿ.

ಬರ್ಮಿಂಗ್‌ಹ್ಯಾಮ್ ಬಳಿಯ ಟಿವಿಡೇಲ್ ದೇವಸ್ಥಾನದಲ್ಲಿ ಸಿಕ್ಕ ರಾಮಮೂರ್ತಿ ಹೇಳುತ್ತಾರೆ: “ಪೊಲೀಸ್ರಿಗಿಂತ ಹೆಚ್ಚಿಗೆ ಸುಟ್ಟಿದ್ದು ಮಗಳು ಅನ್ವಿತಾ ಮುಖ ತಿರುಗಿಸಿದ್ದು ಸರ್. ರಿಪೋರ್ಟ್ ಬಂದ್ಮೇಲೆ ಕ್ರೆಮೆಟೋರಿಯಮ್‌ನಲ್ಲಿ ದಹನದ ಬಟನ್ ಒತ್ತೋವಾಗ ನನ್ನ ಕೈ ಮೇಲೆ ಕೈ ಇಟ್ಟಳು.”

ಚಿತ್ರಾಕ್ಷಿ ರಾಮಮೂರ್ತಿಯವರನ್ನು ಭೇಟಿಯಾಗಿಲ್ಲ, ಆಗುವ ಇರಾದೆಯೂ ಇಲ್ಲ. ಮಗಳು ಕೈ ಇಟ್ಟ ಸಂಗತಿಯನ್ನು ನಾನು ತಿಳಿಸಿದಾಗ ಇಷ್ಟು ಹೇಳಿದರು:

“ಒಳ್ಳೇದಾಯ್ತು. ಆದ್ರೆ ಕಲೆ ಹೊಸದಾಗಿದ್ರೆ ಅದನ್ನೂ ಹಾಗೇ ಬರೀತಿದ್ದೆ. ಪೇಪರಲ್ಲಿ ಅದೊಂದು ಹಾಕಿ.”