ತದಿಗೆ ಎಂದೇ ತೋರಿಸಿದ ಖಾನೆ

ಮಕ್ಕಳೇ, ಅಜ್ಜಿಗೆ ಕಥೆ ಕಟ್ಟಲು ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ಕಂಡದ್ದನ್ನು ಕಂಡಂತೆ ಬರೆಯುತ್ತಿದ್ದೇನೆ. ಇದು ಮುನಿರ್ಕಾದ ಈ ಮನೆಯಲ್ಲೇ, ನೀವಿಬ್ಬರೂ ಮಲಗಿದ ಮೇಲೆ ನಡೆದದ್ದು.

ನಿಮ್ಮಮ್ಮ ಸುಧಾ ದೆಹಲಿಯ ಕನ್ನಡ ಮನೆಗಳಿಗಾಗಿ ವೆಬ್‌ಸೈಟ್ ಮಾಡುತ್ತಿದ್ದಳು. ಹಿರಿಯರು ತೀರಿಕೊಂಡ ತಿಥಿಯನ್ನು ಬರೆದಿಟ್ಟರೆ, ಪ್ರತಿವರ್ಷ ಶ್ರಾದ್ಧದ ದಿನವನ್ನು ಅದೇ ನೆನಪಿಸಬೇಕು. ಆದರೆ ತಿಥಿಯ ಜಾಗದಲ್ಲಿ ಬರೀ ಅಂಕಿ ಕಾಣುತ್ತಿತ್ತು.

“ಕಂಪ್ಯೂಟರಿಗೆ ಅಂಕಿಯ ಖಾನೆ ಗೊತ್ತು, ತಿಥಿ ಗೊತ್ತಿಲ್ಲಮ್ಮ. ಅದಕ್ಕೇ ಆ ಖಾನೆಗೊಬ್ಬ ಮಗಳನ್ನ, ಅಂದ್ರೆ ಅದರ ಗುಣವೇ ಇರೋ ಹೊಸ ಖಾನೆನ, ಹುಟ್ಟಿಸಿದ್ದೀನಿ. ಹುಣ್ಣಿಮೆಗೆ ಹದಿನೈದು, ಹಾಗಾಗಿ ಇಪ್ಪತ್ತು ಅಂದ್ರೆ ಬಹುಳ ಪಂಚಮಿ ಅಂತ ಓದೋದು ಕಲಿಸೋಕೆ ಮರೆತಿದ್ದೆ.”

“ಮಗಳಲ್ವಾ, ಹೇಳಿದ್ದು ಎಲ್ಲಿ ಕೇಳ್ತಾಳೆ?”

“ಅಚ್ಛಾ, ಅಚ್ಛಾ... ನಂಗೇ ಅಂದಿದ್ದಲ್ವಾ ಅದು?” ಎಂದು ನಕ್ಕಳು.

ತಿದ್ದಿದಳು. ಎಲ್ಲರ ತಿಥಿಯೂ ಸರಿಬಂತು. ನಿಮ್ಮ ತಾತನ ಹೆಸರಿನ ಮುಂದೆ ಮಾತ್ರ... ಮಾಘ ಬಹುಳ ತದಿಗೆ.

“ಪಂಚಮಿ ಕಣೇ,” ಎಂದೆ.

ಇಪ್ಪತ್ತು ಒತ್ತಿದಳು. ಮತ್ತೆ ತದಿಗೆ. ಸಾಲನ್ನೇ ಅಳಿಸಿ ಹೊಸದಾಗಿ ಬರೆದಳು. ತದಿಗೆ...

ಗಲ್ಲಿಯ ನಾಯಿಗಳೂ ಸುಮ್ಮನಾಗಿದ್ದವು. ಇನ್ವರ್ಟರಿನ ಗುಂಯ್ ಸದ್ದೊಂದೇ. ಎಲ್ಲಿಂದಲೋ ಆಸ್ಪತ್ರೆಯ ಸ್ಪಿರಿಟ್ಟಿನ ವಾಸನೆ ಬಂತು...

ಸುಧಾ ಕೀಲಿಮಣೆಯಿಂದ ಕೈ ತೆಗೆದಳು. “ಇದಕ್ಕೆ ಯಾರು ಹೇಳಿದ್ರು?”

“ಏನನ್ನ?”

ಅವಳು ಪರದೆಯನ್ನೇ ನೋಡುತ್ತಾ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು.

“ಸುಧಾ... ಏನನ್ನೇ?”

“ಅಪ್ಪ ಆಸ್ಪತ್ರೇಲಿ ಹೋಗಿದ್ದು ತದಿಗೆಗೇ ಅಮ್ಮ. ನೀನು ಊರಲ್ಲಿ ಚಿಕ್ಕಮ್ಮನ ಮಗಳ ಮದುವೇಲಿದ್ದೆ. ಮದುವೆ ನಿಲ್ಲಬಾರದು ಅಂತ ಅಣ್ಣ, ನಾನು, ಚಿಕ್ಕಮ್ಮ... ಎರಡು ದಿನ ಬಿಟ್ಟು, ಅವತ್ತೇ ಹೋದ್ರು ಅನ್ನೋ ಹಾಗೆ ಹೇಳಿದ್ವಿ.”

ಆ ಎರಡು ದಿನ ನಾನು ಹೂ ಮುಡಿದು ಓಡಾಡಿದ್ದೆ. ಮದುಮಗಳಿಗೆ ಅರಿಶಿನ ಹಚ್ಚಿದ್ದೆ. ನನ್ನ ತಂಗಿ, ಎಲ್ಲ ತಿಳಿದೂ, ನನಗೆ ಕುಂಕುಮ ಕೊಟ್ಟಿದ್ದಳು.

ಆಮೇಲೆ ಆರು ವರ್ಷ ಶ್ರಾದ್ಧ ನಡೆದದ್ದು ಪಂಚಮಿಯಂದೇ. “ತಿಥಿ ಪಂಚಮಿ ತಾನೇ?” ಎಂದು ಪುರೋಹಿತರು ಕೇಳಿದಾಗಲೆಲ್ಲ ನನ್ನ ಮಗ ನನ್ನೆದುರಿಗೇ “ಹೌದು” ಎನ್ನುತ್ತಿದ್ದ. ಸುಧಾ ತಲೆ ತಗ್ಗಿಸಿ ಎಲೆ ಹಾಕುತ್ತಿದ್ದಳು.

ಬೆಳಗಾದ ಮೇಲೆ ಆ ಖಾನೆ ಯಾವ ತಿಥಿ ಕೊಟ್ಟರೂ ಸರಿಯಾಗಿ ತೋರಿಸಿತು. ತಪ್ಪು ಎಲ್ಲಿತ್ತೆಂದು ಅವಳಿಗೆ ಇಂದಿಗೂ ಸಿಕ್ಕಿಲ್ಲ. ಅವಳೊಡನೆ ನಾನು ಮಾತು ಬಿಟ್ಟಿಲ್ಲ, ಆದರೆ ಮೊದಲಿನ ಹಾಗೆ ಆಡಲು ಆಗುತ್ತಿಲ್ಲ.

ಅದಕ್ಕಿಂತ ಹೆದರಿಸುವುದು ಬೇರೆಯೇ ಇದೆ, ಮಕ್ಕಳೇ. ಆ ಆರು ವರ್ಷವೂ, ತಪ್ಪು ದಿನದಂದು, ತಾರಸಿಯ ಮೇಲೆ ಪಿಂಡ ಇಟ್ಟ ಕೂಡಲೇ ಕಾಗೆ ಬಂದು ಮುಟ್ಟುತ್ತಿತ್ತು.

ನಿಮ್ಮ ತಾತನಲ್ಲದಿದ್ದರೆ... ಬರುತ್ತಿದ್ದುದು ಯಾರು?