ಸುತ್ತೋಲೆ ಸಾಹೇಬರು
ಷೇರುಪೇಟೆಯನ್ನು ನಿಯಂತ್ರಿಸುವ ನಮ್ಮ ಕಚೇರಿಯಲ್ಲಿ ನಿಯಮ ಬರೆಯುವ ಅಧಿಕಾರಿಯನ್ನು ಎಲ್ಲರೂ ಸುತ್ತೋಲೆ ಸಾಹೇಬರೆಂದೇ ಕರೆಯುತ್ತಾರೆ. ಪೇಟೆಯ ಕುಣಿತ ನಿಲ್ಲಿಸಬೇಕೆಂಬುದೊಂದೇ ಅವರ ಹಟ. ಆದರೆ ಅವರು ನಿಯಮ ಹೊರಡಿಸಿದಾಗಲೆಲ್ಲ ಪೇಟೆ ಇನ್ನೂ ಜೋರಾಗಿ ಕುಣಿಯುತ್ತದೆ. ಮುಂದಿನ ತಿಂಗಳ ಬೆಲೆಯ ಮೇಲೆ ಈಗಲೇ ಬಾಜಿ ಕಟ್ಟುವ ಫ್ಯೂಚರ್ಸ್ ವ್ಯವಹಾರದ ಠೇವಣಿ ಏರಿಸಿದರೆ ಬೆಲೆ ದಬಕ್ಕನೆ ಬೀಳುತ್ತದೆ, ಇಳಿಸಿದರೆ ಚಂಗನೆ ನೆಗೆಯುತ್ತದೆ. ‘ಈ ವಾರ ಹೊಸ ನಿಯಮವಿಲ್ಲ’ ಎಂದು ಸುತ್ತೋಲೆ ಕಳಿಸಿದ ದಿನವಂತೂ ಇದರಲ್ಲೇನೋ ಮಸಲತ್ತಿದೆ ಎಂದು ದಲ್ಲಾಳಿಗಳು ಗಾಬರಿಬಿದ್ದು, ಮಧ್ಯಾಹ್ನದೊಳಗೆ ವಹಿವಾಟೇ ನಿಂತಿತು. ಸಾಹೇಬರು ಕೆಮ್ಮಿದರೂ ಗೇಟಿನ ಬಳಿ ಕಾದಿರುವ ದಲ್ಲಾಳಿಗಳ ಕಡೆಯವರು ಫೋನು ತೆಗೆಯುತ್ತಾರೆ. ಅದಕ್ಕೇ ಅವರು ನಲ್ಲಿ ಜೋರಾಗಿ ಬಿಟ್ಟುಕೊಂಡು ಕೆಮ್ಮುತ್ತಾರೆ. “ಸ್ವಲ್ಪ ದಿನ ಸುಮ್ನಿರಬಾರ್ದಾ ಸಾರ್?” ಎಂದು ಅವರ ಟೈಪಿಸ್ಟ್ ಆದ ನಾನೊಮ್ಮೆ ಕೇಳಿದೆ. “ನಾವು ಸುಮ್ನಿದ್ದಾಗ್ಲೇ ಕಣಮ್ಮ ನಮ್ಮಣ್ಣ ಮುಳುಗಿದ್ದು” ಎಂದರು. ಫ್ಯೂಚರ್ಸ್‌ನಲ್ಲಿ ಒಂದೇ ಬೆಳಗ್ಗೆ ಎಲ್ಲ ಕಳೆದುಕೊಂಡ ಆ ಅಣ್ಣ ಆರು ವರ್ಷದಿಂದ ಯಾರೊಡನೆಯೂ ಮಾತಾಡಿರಲಿಲ್ಲವಂತೆ. ದಿನವೂ ಸಂಜೆ ಸಾಹೇಬರು ಅತ್ತಿಗೆಗೆ ಫೋನು ಮಾಡಿ, “ಅಣ್ಣ ಏನಾದ್ರೂ ಅಂದ್ರಾ?” ಎಂದು ಕೇಳುತ್ತಾರೆ. ಮೊನ್ನೆ ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು: “ಪೇಪರಲ್ಲಿ ನಿಮ್ಮ ಹೊಸ ನಿಯಮ ಓದಿ ಬಿದ್ದೂ ಬಿದ್ದೂ ನಕ್ರು ಕಣ್ರೀ. ‘ನನ್ನ ತಮ್ಮಂಗೆ ಇನ್ನೂ ಒಂದು ವಾಕ್ಯ ನೆಟ್ಟಗೆ ಬರೆಯಕ್ಕೆ ಬರಲ್ಲ’ ಅಂದ್ರು.” ಅಂದು ಪೇಟೆ ಎಷ್ಟು ಬಿತ್ತೆಂದು ಸಾಹೇಬರು ವಿಚಾರಿಸಲೇ ಇಲ್ಲ.